ಬೇರೆಯವರು ಕೈಬಿಟ್ಟವರನ್ನು ನಾನು ಆರಿಸಿಕೊಂಡ ಬಗೆ

ಬಾಲ್ಟಿಮೋರ್ ಸಮೀಪದಲ್ಲಿ ನೆಲೆಸಿರುವ ನಾನು, ಕಚೇರಿಯ ಸಹೋದ್ಯೋಗಿಗಳು ಸೇರಿ ನಡೆಸುವ ಹನ್ನೆರಡು ತಂಡಗಳ ಫ್ಯಾಂಟಸಿ ಬೇಸ್‌ಬಾಲ್ ಲೀಗ್‌ನಲ್ಲಿ ಒಂದು ತಂಡವನ್ನು ನೋಡಿಕೊಳ್ಳುತ್ತೇನೆ. ನಿಜವಾದ ಆಟಗಾರರನ್ನು ನಮ್ಮ ಕಾಲ್ಪನಿಕ ತಂಡಕ್ಕೆ ಆರಿಸಿ, ನಿಜ ಪಂದ್ಯಗಳಲ್ಲಿ ಅವರು ಆಡಿದ ಆಟಕ್ಕೆ ಅಂಕ ಗಳಿಸುವ ಆಟ ಇದು. ನಮ್ಮದು ಡೈನಾಸ್ಟಿ ಪದ್ಧತಿ. ಒಮ್ಮೆ ಪಟ್ಟಿಗೆ ಸೇರಿದ ಆಟಗಾರ ನಾವಾಗಿ ಬಿಡುವ ತನಕ ವರ್ಷದಿಂದ ವರ್ಷಕ್ಕೆ ನಮ್ಮವನಾಗಿಯೇ ಉಳಿಯುತ್ತಾನೆ. 2021ರ ಜೂನ್ ಹೊತ್ತಿಗೆ ನನ್ನ ತಂಡ ಕೊನೆಯ ಸ್ಥಾನದಲ್ಲಿತ್ತು. ವಯಸ್ಸಾದ ಮೂವರು ಹೆಸರಾಂತ ಬ್ಯಾಟರ್‌ಗಳನ್ನು ಬೇರೆ ತಂಡಗಳಿಗೆ ಕೊಟ್ಟು, ಬದಲಿಗೆ ಮುಂದಿನ ವರ್ಷಗಳಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್ ಸರದಿಗಳನ್ನು ಪಡೆದು, ತಂಡವನ್ನು ಬುಡದಿಂದ ಕಟ್ಟಲು ತೀರ್ಮಾನಿಸಿದೆ. ಹಾಗೆ ತೆರವಾದ ಜಾಗಗಳನ್ನು ವೇವರ್ ಮೂಲಕ, ಅಂದರೆ ಬೇರೆಯವರು ಬಿಟ್ಟ ಆಟಗಾರರನ್ನು ಸರದಿಯಂತೆ ಕೇಳಿ ಪಡೆಯುವ ವ್ಯವಸ್ಥೆಯ ಮೂಲಕ, ತುಂಬಿಕೊಂಡೆ.

ಅಮೆರಿಕದ ಬೇಸ್‌ಬಾಲ್‌ನ ಅಗ್ರ ಹಂತವಾದ ಮೇಜರ್ ಲೀಗ್‌ನಲ್ಲಿ ಪ್ರತಿ ತಂಡಕ್ಕೂ 40 ಜನರ ಪಟ್ಟಿಯೊಂದಿರುತ್ತದೆ. ಅವರಲ್ಲಿ 26 ಮಂದಿ ಆಡುವ ತಂಡದಲ್ಲಿರುತ್ತಾರೆ. ಪಟ್ಟಿಯಲ್ಲಿರುವ ಯುವ ಆಟಗಾರನನ್ನು ಸಾಮಾನ್ಯವಾಗಿ ಮೂರು ಋತುಗಳಲ್ಲಿ ಮಾತ್ರ ಕೆಳಹಂತದ ಮೈನರ್ ಲೀಗ್‌ಗೆ ಕಳುಹಿಸಿ ಮತ್ತೆ ಕರೆಸಿಕೊಳ್ಳಬಹುದು. ಈ ಆಪ್ಷನ್‌ಗಳು ಮುಗಿದವನನ್ನು ಕೆಳಗೆ ಕಳುಹಿಸಬೇಕಾದರೆ ಮೊದಲು ವೇವರ್‌ಗೆ ಹಾಕಬೇಕು. ಆಗ ಬೇರೆ ಯಾವ ತಂಡವಾದರೂ ಅವನನ್ನು ಕೇಳಿಕೊಳ್ಳಬಹುದು, ಅಂಕಪಟ್ಟಿಯಲ್ಲಿ ಕೆಳಗಿರುವವರಿಗೆ ಮೊದಲ ಹಕ್ಕು. ಇಪ್ಪತ್ತೈದು ಇಪ್ಪತ್ತಾರರ ಪ್ರತಿಭಾವಂತರು ಹೀಗೆ ಹೊರಬೀಳುವುದು ಹಲವು ಸಲ ಅವರಿಗೆ ಆಟ ಬಾರದ್ದರಿಂದಲ್ಲ, ಗೆಲ್ಲಲೇಬೇಕಾದ ತಂಡಕ್ಕೆ ಅವರಿಗಾಗಿ ಕಾಯುವ ವ್ಯವಧಾನ ಇಲ್ಲದ್ದರಿಂದ. ಸೋಲುತ್ತಿರುವ ತಂಡಕ್ಕೆ ಆ ವ್ಯವಧಾನ ಬೇಕಾದಷ್ಟಿರುತ್ತದೆ. ನನ್ನ ಇಡೀ ಲೆಕ್ಕಾಚಾರ ನಿಂತಿದ್ದು ಇದರ ಮೇಲೆಯೇ.

2021ರ ಆಗಸ್ಟ್‌ನಲ್ಲಿ ಸ್ಯಾನ್ ಡಿಯೇಗೊ ಪ್ಯಾಡ್ರೆಸ್ ತಂಡ ಜಾರ್ಜ್ ಮಟೇಯೊ ಅವರನ್ನು ಬಿಟ್ಟಾಗ, ಆ ವರ್ಷ 110 ಪಂದ್ಯ ಸೋತ ಬಾಲ್ಟಿಮೋರ್ ಓರಿಯೋಲ್ಸ್ ಅವರನ್ನು ವೇವರ್‌ನಲ್ಲಿ ಎತ್ತಿಕೊಂಡಿತು. ಅದೇ ವಾರ ನಾನೂ ನಮ್ಮ ಲೀಗ್‌ನಲ್ಲಿ ಅವರನ್ನು ಕೇಳಿದೆ. ಬ್ಯಾಟಿಂಗ್ ಸರಾಸರಿ (ಬ್ಯಾಟ್ ಹಿಡಿದ ಸಲಗಳಲ್ಲಿ ಹಿಟ್ ಗಳಿಸಿದ ಪಾಲು) ನೋಡಿದ ಯಾರೂ ಕೇಳುವಂತಿರಲಿಲ್ಲ. ಆದರೆ ನಾನು ನೋಡಿದ್ದು ಓಟದ ವೇಗವನ್ನು: ಸೆಕೆಂಡಿಗೆ 27 ಅಡಿ ಓಡಿದರೆ ಸಾಧಾರಣ ವೇಗವೆನ್ನುವ ಈ ಆಟದಲ್ಲಿ ಅವರು 30 ಅಡಿಯ ಆಸುಪಾಸಿನಲ್ಲಿದ್ದರು. ಅದಕ್ಕಿಂತ ಮುಖ್ಯವಾಗಿ, ಓರಿಯೋಲ್ಸ್ ತಂಡದಲ್ಲಿ ಅವರನ್ನು ದಿನವೂ ಆಡಿಸಲು ಜಾಗವಿತ್ತು. ಮರುವರ್ಷದ ಬೇಸಿಗೆಯಲ್ಲಿ ಒಂದು ಸಂಜೆ ಓರಿಯೋಲ್ಸ್‌ನ ಕ್ರೀಡಾಂಗಣವಾದ ಕ್ಯಾಮ್ಡೆನ್ ಯಾರ್ಡ್ಸ್‌ನಲ್ಲಿ ಮೊದಲ ಬೇಸ್ ಬದಿಯ ಕುರ್ಚಿಯಲ್ಲಿ ಕುಳಿತು ಅವರನ್ನೇ ನೋಡುತ್ತಿದ್ದೆ. ಚೆಂಡೆಸೆಯುವ ಪಿಚರ್ ಕಾಲೆತ್ತುವ ಮೊದಲೇ ಅವರ ಬಲಗಾಲು ತಿರುಗಿತ್ತು. ಕ್ಯಾಚರ್ ಎಸೆದ ಚೆಂಡು ಎರಡನೇ ಬೇಸ್ ತಲುಪುವಷ್ಟರಲ್ಲಿ ಅವರು ಜಾರಿ ಹೋಗಿ ಎದ್ದು ಮಣ್ಣು ಕೊಡವಿಕೊಳ್ಳುತ್ತಿದ್ದರು. ಆ ಋತುವಿನಲ್ಲಿ ಅವರ ಸರಾಸರಿ .221 ಮಾತ್ರ, ಆದರೆ ಕದ್ದ ಬೇಸ್‌ಗಳು, ಅಂದರೆ ಹೀಗೆ ಹಿಟ್‌ಗೆ ಕಾಯದೆ ಓಡಿ ಗಳಿಸಿದ ಮುಂದಿನ ಬೇಸ್‌ಗಳು, 35. ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ಗೇ ಅದು ಹೆಚ್ಚು. ನಮ್ಮ ಲೀಗ್‌ನಲ್ಲಿ ಬೇಸ್ ಕದಿಯುವುದಕ್ಕೆ ಪ್ರತ್ಯೇಕ ಅಂಕವಿರುವುದರಿಂದ ಒಂದು ವಿಭಾಗವನ್ನು ಹೆಚ್ಚುಕಡಿಮೆ ಅವರೊಬ್ಬರೇ ಹೊತ್ತರು.

ಎಲ್ಲ ಆಯ್ಕೆಯೂ ಹೀಗೆ ಫಲಿಸಲಿಲ್ಲ. ಗಂಟೆಗೆ 98 ಮೈಲಿ ವೇಗದಲ್ಲಿ ಎಸೆಯುವ ಒಬ್ಬ ಯುವ ಪಿಚರ್‌ಗಾಗಿ ವೇವರ್‌ನಲ್ಲಿ ನನಗಿದ್ದ ಮೊದಲ ಸರದಿಯನ್ನೇ ಖರ್ಚು ಮಾಡಿದೆ. ಅವರು ಎಷ್ಟು ಬ್ಯಾಟರ್‌ಗಳಿಗೆ ವಾಕ್ (ಗುರಿ ತಪ್ಪಿದ ಎಸೆತಗಳಿಂದ ಬಿಟ್ಟಿಯಾಗಿ ಸಿಗುವ ಮೊದಲ ಬೇಸ್) ಕೊಡುತ್ತಿದ್ದಾರೆಂಬುದನ್ನು ನಾನು ಸರಿಯಾಗಿ ನೋಡಿರಲಿಲ್ಲ. ಎರಡು ತಿಂಗಳಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಯೂ ಆಯಿತು. ಅಂದಿನಿಂದ ಬ್ಯಾಟರ್ ಮತ್ತು ಪಿಚರ್ ಇಬ್ಬರೂ ಸಮಾನವಾಗಿ ಕಂಡರೆ ನಾನು ಬ್ಯಾಟರ್‌ನನ್ನೇ ಕೇಳುತ್ತೇನೆ.

ಬ್ಯಾಟರ್ ಬ್ರೆಂಟ್ ರೂಕರ್ ವಿಷಯದಲ್ಲಿ, ಇಪ್ಪತ್ತೈದು ಇಪ್ಪತ್ತಾರರವರನ್ನೇ ಕೇಳುವ ನನ್ನ ವಯಸ್ಸಿನ ನಿಯಮವನ್ನು ನಾನೇ ಸಡಿಲಿಸಿದೆ. 2022ರ ನವೆಂಬರ್‌ನಲ್ಲಿ ಕ್ಯಾನ್ಸಸ್ ಸಿಟಿ ರಾಯಲ್ಸ್ ಬಿಟ್ಟುಕೊಟ್ಟ ಅವರನ್ನು ಓಕ್ಲೆಂಡ್ ಅಥ್ಲೆಟಿಕ್ಸ್ ವೇವರ್‌ನಲ್ಲಿ ಪಡೆದಾಗ ಅವರಿಗೆ ಆಗಲೇ 28. ಆದರೆ ಚೆಂಡನ್ನು ಅವರು ಹೊಡೆಯುವ ಬಿರುಸು ಎಲ್ಲೂ ಕಡಿಮೆಯಾಗಿರಲಿಲ್ಲ, ಹೊಸ ತಂಡಕ್ಕೆ ಅವರನ್ನು ಬೆಂಚಿನ ಮೇಲೆ ಕೂರಿಸುವ ಕಾರಣವೂ ಇರಲಿಲ್ಲ. 2023ರಲ್ಲಿ ಆರಂಭದ ಅಬ್ಬರ ಇಳಿದು ಅವರು ಮಂಕಾದಾಗ, ಬಿಟ್ಟುಬಿಡಿ ಎಂದು ಇಬ್ಬರು ಸ್ನೇಹಿತರು ಸಲಹೆ ಕೊಟ್ಟರು. ನಾನು ದಿನವೂ ಅವರ ಸರಾಸರಿಯನ್ನು ನೋಡುವುದನ್ನು ನಿಲ್ಲಿಸಿ, ಅವರ ಹೆಸರು ಆಡುವವರ ಪಟ್ಟಿಯಲ್ಲಿದೆಯೇ ಎಂಬುದನ್ನಷ್ಟೇ ನೋಡತೊಡಗಿದೆ. ಅದು ಇದ್ದೇ ಇತ್ತು. ಆ ವರ್ಷ 30 ಹೋಮ್ ರನ್, ಮರುವರ್ಷ 39.

ಈಗ ನನ್ನ ತಂಡ ಮೇಲಿನ ನಾಲ್ಕರಲ್ಲಿದೆ, ವೇವರ್ ಸರದಿಯಲ್ಲಿ ಬಹುತೇಕ ಕೊನೆಯದು. ಕಳೆದ ಋತುವಿನ ಕೊನೆಯಲ್ಲಿ ಜಾಗ ಸಾಲದೆ ಇಪ್ಪತ್ಮೂರು ವರ್ಷದ ಷಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಆಟಗಾರ) ಒಬ್ಬರನ್ನು ಬಿಡಬೇಕಾಯಿತು. ನಿರ್ಧರಿಸಲು ಎರಡು ರಾತ್ರಿ ಹಿಡಿಯಿತು. ಮೂರನೆಯ ದಿನ ಬೆಳಿಗ್ಗೆ ನೋಡಿದರೆ, ಕೊನೆಯ ಸ್ಥಾನದಲ್ಲಿದ್ದ ಸಹೋದ್ಯೋಗಿ ಅವರನ್ನು ಕೇಳಿಕೊಂಡಿದ್ದರು.