ಗುಡ್ಡದ ಮೇಲಿನ ಕ್ಯಾಂಪಸ್‌ನಲ್ಲಿ ಧರೆ ಜರಿಯುವ ಅಪಾಯ ಹುಡುಕೋದು ಹೇಗೆ?

ಮಲೆನಾಡಲ್ಲಿ ಗುಡ್ಡ ಜರಿದರೆ ಮೊದಲು ಬೈಸಿಕೊಳ್ಳೋದು ಮಳೆ. ಆದರೆ ಅದೇ ಮಳೆಗೆ ಪಕ್ಕದ ಗುಡ್ಡ ಗಟ್ಟಿಯಾಗಿ ನಿಂತಿರುತ್ತದಲ್ವಾ? 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಜಾಗ ನೋಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ವಿಪರೀತ ಮಳೆಯ ಜೊತೆಗೆ ಇಳಿಜಾರು ಕಡಿದದ್ದನ್ನೂ ಕಾರಣವಾಗಿ ಹೇಳಿದ್ದರು. ಹಾಗಾಗಿ ಎರಡು ಪ್ರಶ್ನೆ ಇಟ್ಟುಕೊಂಡು ಹೊರಡಿ. ಗುಡ್ಡವನ್ನು ಎಲ್ಲಿ ಕಡಿದಿದ್ದಾರೆ? ನೀರು ಎಲ್ಲಿಗೆ ಹೋಗುತ್ತಿದೆ?

ಶುರು ಮಾಡಲು ಆಟದ ಮೈದಾನವೇ ಒಳ್ಳೆಯ ಜಾಗ. ಗುಡ್ಡದಲ್ಲಿ ಅಷ್ಟು ದೊಡ್ಡ ಸಮತಟ್ಟು ತಾನಾಗಿ ಸಿಗೋದು ಅಪರೂಪ. ಮೇಲಿನ ಬದಿಯನ್ನು ಜೆಸಿಬಿಯಲ್ಲಿ ಕಡಿದು, ಆ ಮಣ್ಣನ್ನೇ ಕೆಳಬದಿಗೆ ತಳ್ಳಿ ಮಟ್ಟ ಮಾಡಿರುತ್ತಾರೆ. ಅಲ್ಲಿಗೆ ಅಪಾಯ ಎರಡಾಯಿತು: ಮೇಲೆ ಬುಡ ಕಳೆದುಕೊಂಡ ಧರೆ, ಅಂದರೆ ಗುಡ್ಡ ಕಡಿದಾಗ ಉಳಿಯುವ ಕಡಿದಾದ ಮಣ್ಣಿನ ಗೋಡೆ; ಕೆಳಗೆ ಸಡಿಲ ತುಂಬುಮಣ್ಣು. ಆ ತುಂಬುಮಣ್ಣಿನ ಮೇಲೆ ಹಾಸ್ಟೆಲ್ಲೋ ಪಾರ್ಕಿಂಗೋ ಬಂದಿದ್ದರೆ ಕ್ಯಾಂಪಸ್‌ನ ನಕ್ಷೆಯಲ್ಲಿ ಕೆಂಪು ಗುರುತು ಹಾಕಿ. ಮೊದಲು ಜಾಗ ಹೇಗಿತ್ತು ಅಂತ ಹಳೇ ಅಟೆಂಡರ್‌ಗಳನ್ನು ಕೇಳಿ, ಗೂಗಲ್ ಅರ್ಥ್‌ನಲ್ಲಿ ಹಳೆಯ ಚಿತ್ರಗಳನ್ನೂ ನೋಡಿ.

ಕಡಿದ ಧರೆ ಸಿಕ್ಕಿತಾ? ಹತ್ತಿರ ಹೋಗಿ ಮಣ್ಣು ನೋಡಿ, ಮಳೆ ಇಲ್ಲದಾಗ. ಮೇಲೆ ಕೆಂಪು ಮುರಕಲ್ಲು, ಅದರಡಿ ಬಿಳಿಯೋ ಗುಲಾಬಿಯೋ ಬಣ್ಣದ ಶೇಡಿಮಣ್ಣು ಕಂಡರೆ ಜಾಸ್ತಿ ಎಚ್ಚರ ಬೇಕು. ನೀರು ಕುಡಿದರೆ ಶೇಡಿಮಣ್ಣು ಮೆತ್ತಗಾಗಿ ಜಾರುತ್ತದೆ.

ಇನ್ನು ನೀರು. ಇದನ್ನು ಬೇಸಿಗೆಯಲ್ಲಿ ನೋಡಿ ಪ್ರಯೋಜನವಿಲ್ಲ, ಜುಲೈನಲ್ಲಿ ಕೊಡೆ ಹಿಡಿದು ಹೋಗಬೇಕು. ಚಾವಣಿಯ ಪೈಪು ನೀರನ್ನು ಚರಂಡಿಗೆ ಬಿಡುತ್ತಿದೆಯೋ ಧರೆಯ ನೆತ್ತಿಗೋ? ಮೇಲಿನ ಟ್ಯಾಂಕು ಸೋರುತ್ತಿದೆಯಾ, ಶೌಚದ ಇಂಗುಗುಂಡಿ ಎಲ್ಲಿದೆ, ತಡೆಗೋಡೆಯಲ್ಲಿ ನೀರು ಬಸಿಯಲು ಬಿಟ್ಟ ತೂತುಗಳು ಕಟ್ಟಿಕೊಂಡಿವೆಯಾ ಅಂತ ಒಂದೊಂದಾಗಿ ನೋಡುತ್ತಾ ಹೋಗಿ. ಎಷ್ಟೇ ದಪ್ಪದ ಗೋಡೆಯಾದರೂ ಹಿಂದೆ ನೀರು ನಿಂತರೆ ಉಬ್ಬುತ್ತದೆ. ಮಳೆನೀರು ಇಂಗಿಸೋದು ಪುಣ್ಯದ ಕೆಲಸ ನಿಜ, ಆದರೆ ಕಡಿದಾದ ಧರೆಯ ನೆತ್ತಿಯಲ್ಲಿ ಬೇಡ. ಕಾಂಪೌಂಡಿನಾಚೆ, ಮೇಲಿನ ರಸ್ತೆ ಮತ್ತು ತೋಟದ ನೀರು ಎಲ್ಲಿಗೆ ಹರಿಯುತ್ತದೆ ಅಂತಲೂ ನೋಡಿ.

ಬಿರುಕುಗಳ ವಿಷಯಕ್ಕೆ ಬಂದರೆ, ಗಾರೆಯ ಕೂದಲೆಳೆ ಬಿರುಕಿಗೆಲ್ಲ ಸುಮ್ನೆ ಗಾಬರಿ ಬೇಡ. ಧರೆಯ ನೆತ್ತಿಯಲ್ಲಿ ಬಿಲ್ಲಿನಂತೆ ಬಾಗಿದ ನೆಲದ ಬಿರುಕು ಮಾತ್ರ ಬೇರೆಯೇ ವಿಷಯ. ಅದರ ಎರಡೂ ಬದಿಗೆ ಗೂಟ ಹೊಡೆದು, ನಡುವಿನ ಅಂತರವನ್ನು ತಾರೀಖಿನ ಸಮೇತ ಬರೆದಿಡಿ. ಮಳೆಯಲ್ಲಿ ನೀರು ಒಳಗಿಳಿಯದಂತೆ ಟಾರ್ಪಾಲು ಹೊದಿಸಿ.

ಇಷ್ಟೂ ಗುರುತು ಒಂದೇ ನಕ್ಷೆಗೆ ಬಂದಾಗ ಕಡಿತ, ನೀರು, ಬಿರುಕು ಮೂರೂ ಒಂದೇ ಕಡೆ ಕೂಡಿದ ಜಾಗ ಎದ್ದು ಕಾಣುತ್ತದೆ. ಮಣ್ಣು ಪರೀಕ್ಷೆಯ ಎಂಜಿನಿಯರನ್ನು ಮೊದಲು ಅಲ್ಲಿಗೇ ಕರೆದುಕೊಂಡು ಹೋಗಿ. ಆದರೆ ಗೂಟಗಳ ಅಂತರ ಹೆಚ್ಚುತ್ತಿದ್ದರೆ, ಅಥವಾ ಧರೆಯ ಬುಡದಲ್ಲಿ ತಿಳಿಯಾಗಿ ಬರುತ್ತಿದ್ದ ಒರತೆ ದಿಢೀರನೆ ಕೆಸರಾದರೆ, ಅವರು ಬರುವ ತನಕ ಕಾಯಬೇಡಿ. ಧರೆಯ ಮೇಲಿರುವ ಮತ್ತು ಕೆಳಗಿರುವ ಕೋಣೆಗಳನ್ನು ಆಗಲೇ ಖಾಲಿ ಮಾಡಿಸಿ.