ಕಂಪ್ಯೂಟರಿಗೆ ಸಿಗರೇಟ್ ಹೊಗೆ ತಾಗಿದೆಯೇ? ಸರ್ವಿಸ್‌ಗೆ ಕೊಡುವ ಮುನ್ನ ಹೀಗೆ ಮಾಡಿ

ವಿಜಯಪುರದ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಮೇಲೆ ದೂಳು. ಕಂಪ್ಯೂಟರಿಗೆ ಇದೇ ಹೆಚ್ಚಾಯಿತು. ಅದರ ಪಕ್ಕ ಕೂತು ಸಿಗರೇಟ್ ಸೇದಿದರೆ ಇನ್ನೂ ಕಷ್ಟ. ಬರೀ ದೂಳಾದರೆ ಬ್ಲೋವರ್ ಹಿಡಿದಾಗ ಬಹುಪಾಲು ಹಾರಿಹೋಗುತ್ತದೆ. ಹೊಗೆಯ ಟಾರ್ ಹಾಗಲ್ಲ. ಫ್ಯಾನ್ ಎಳೆದುಕೊಂಡ ಹೊಗೆ ಒಳಗೆ ಅಂಟಂಟಾಗಿ ಕೂರುತ್ತದೆ, ದೂಳು ಅದಕ್ಕೆ ಕಚ್ಚಿಕೊಳ್ಳುತ್ತದೆ. ಬಿಚ್ಚಿ ನೋಡಿದರೆ ಪ್ರೊಸೆಸರಿನ ಬಿಸಿ ಹೊರಹಾಕುವ ಲೋಹದ ಭಾಗವಾದ ಹೀಟ್ ಸಿಂಕ್‌ನ ತೆಳು ಪಟ್ಟಿಗಳ ನಡುವೆ ಕಂದು ಬಣ್ಣದ ಕಂಬಳಿ ಹೊದಿಸಿದಂತಿರುತ್ತದೆ. ಗಾಳಿ ಆಡದೆ ಪ್ರೊಸೆಸರ್ ಬಿಸಿಯೇರುತ್ತದೆ. ಮೊದಲು ಕೆಲಸ ನಿಧಾನ, ಆಮೇಲೆ ನಡುವೆಯೇ ಆಫ್.

ಮೊದಲು ಬಿಲ್ ತೆಗೆದು ವಾರಂಟಿ ಇದೆಯೇ ನೋಡಿ. ಇದ್ದರೆ ಸ್ಕ್ರೂಗೆ ಕೈ ಹಚ್ಚಬೇಡಿ. ಬ್ಯಾಕಪ್ ತೆಗೆದುಕೊಳ್ಳಿ. ಆಫ್ ಮಾಡಿ, ಚಾರ್ಜರ್ ಕಿತ್ತು, ಹೊರಗಿನ ಕೊಳೆಯನ್ನಷ್ಟೇ ಒರೆಸಿ. ಎಲ್ಲ ಬದಿಯ ಫೋಟೊ ಇರಲಿ.

ಕೌಂಟರ್‌ನಲ್ಲಿ ಹೊಗೆಯ ವಿಷಯ ಮುಚ್ಚಿಡಬೇಡಿ. ವಾಸನೆ ಹೇಗೂ ಹೇಳುತ್ತದೆ. ಆ ಅಂಟನ್ನು ಕೆರೆಯುವ ಹುಡುಗನ ಮೂಗು, ಕೈಗೆ ತಾಗುವುದು ನಿಮ್ಮ ಸಿಗರೇಟಿನ ನಿಕೋಟಿನ್. ಮಾಸ್ಕ್, ಗ್ಲೌಸ್ ಹಾಕಿಕೊಳ್ಳಲು ಅವನಿಗೆ ಮೊದಲೇ ಗೊತ್ತಾಗಬೇಕು ಅಲ್ವಾ? 2009ರಲ್ಲಿ ಅಮೆರಿಕದಲ್ಲಿ ಸಿಗರೇಟ್ ಹೊಗೆಯ ಕಾರಣಕ್ಕೆ ಆಪಲ್ ಕಂಪ್ಯೂಟರ್‌ಗಳಿಗೆ ವಾರಂಟಿ ರಿಪೇರಿ ಸಿಗಲಿಲ್ಲ ಎಂಬ ಗ್ರಾಹಕರ ದೂರುಗಳು ಸುದ್ದಿಯಾಗಿದ್ದವು. ಕೆಲಸದವರ ಆರೋಗ್ಯಕ್ಕೆ ಅಪಾಯ ಎಂಬುದು ಅಲ್ಲಿ ಕೊಟ್ಟ ಕಾರಣ.

ವಾರಂಟಿ ಸಾಮಾನ್ಯವಾಗಿ ತಯಾರಿಕೆಯ ದೋಷಕ್ಕೆ ಮಾತ್ರ. ಬಳಕೆಯಿಂದ ಆದ ಹಾನಿ ಅದರಲ್ಲಿ ಬರುವುದಿಲ್ಲ. ಹಾಗಂತ ಎಲ್ಲ ದೋಷವನ್ನೂ ಹೊಗೆಯ ತಲೆಗೆ ಕಟ್ಟಲು ಬಿಡಬೇಡಿ. ಸ್ಕ್ರೀನಿನ ಹಿಂಜ್ ಸಡಿಲವಾದರೆ ಅದಕ್ಕೂ ಹೊಗೆಗೂ ಏನು ಸಂಬಂಧ? ರಿಪೇರಿ ಆಗುವುದಿಲ್ಲ ಎಂದರೆ ಯಾವ ಷರತ್ತಿನ ಪ್ರಕಾರ ಎಂದು ಕೇಳಿ, ಸರ್ವಿಸ್‌ನವರು ಕೊಡುವ ಜಾಬ್ ಶೀಟ್‌ನಲ್ಲೇ ಬರೆಸಿಕೊಳ್ಳಿ. ಬಾಯಿಮಾತು ಮುಂದೆ ಕೆಲಸಕ್ಕೆ ಬರುವುದಿಲ್ಲ. ಆ ಹಾಳೆಯ ಫೋಟೊ ಸಮೇತ ಕಂಪನಿಗೆ ಇಮೇಲ್ ಮಾಡಿ. ಉತ್ತರ ಸರಿ ಅನಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದಕ್ಕೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಅಲ್ಲಿ ಶುಲ್ಕವಿಲ್ಲ.

ವಾರಂಟಿ ಮುಗಿದಿದ್ದರೆ ವಿಜಯಪುರದ ಗಾಂಧಿ ಚೌಕ್ ಕಡೆ ಹೋದಾಗ ಗೊತ್ತಿರುವ ಅಂಗಡಿಯಲ್ಲಿ ಬಿಚ್ಚಿಸಿ. ಈ ಅಂಟು ನೀರಿಗೆ ಜಗ್ಗುವುದಿಲ್ಲ, ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ತಡೆದಿರಬೇಕು, ಸುಮ್ನೆ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗಬಹುದು. ಹೀಟ್ ಸಿಂಕ್ ತೆಗೆದ ಮೇಲೆ ಪ್ರೊಸೆಸರಿಗೆ ಬಿಸಿಯನ್ನು ಹೀಟ್ ಸಿಂಕ್‌ಗೆ ದಾಟಿಸುವ ಹೊಸ ಥರ್ಮಲ್ ಪೇಸ್ಟ್ ಹಚ್ಚಿಸಿ. ಇಷ್ಟಾದರೂ ಫ್ಯಾನ್ ಕಿರುಗುಡುತ್ತಿದ್ದರೆ ಅದನ್ನೇ ಬದಲಿಸಿ.