ಬಾವಿ ತೋಡಿದ ಕಲ್ಲಿನಿಂದ ಶಿಲೆಗಳ ಪಾಠ: ನನ್ನ ಅನುಭವ

ಶಿಲೆಗಳ ಪಾಠವನ್ನು ಊರಿನ ಕಲ್ಲುಗಳಿಂದಲೇ ಮಾಡುತ್ತೇನೆಂದು ಹೇಳಿದಾಗ, ಪಾಠಭಾಗ ಮುಗಿಯುವುದಿಲ್ಲವೆಂದು ಸಹೋದ್ಯೋಗಿಗಳು ಎಚ್ಚರಿಸಿದ್ದರು. ಈಗ ಅವರಲ್ಲೇ ಕೆಲವರು ನನ್ನ ಕಲ್ಲಿನ ಚೀಲವನ್ನು ಕೇಳಿ ಒಯ್ಯುತ್ತಿರುವುದರಿಂದ, ಮಾಡಿದ ಕ್ರಮವನ್ನು ಬರೆದಿಡುತ್ತಿದ್ದೇನೆ.

ಮೊದಲು ಸುಮಾರು ಎರಡೂವರೆ ಸಾವಿರ ರೂಪಾಯಿ ಕೊಟ್ಟು ಮಾದರಿಗಳ ಪೆಟ್ಟಿಗೆಯೊಂದನ್ನು ತರಿಸಿದ್ದೆವು. ಮಕ್ಕಳು ಕಲ್ಲನ್ನು ನೋಡುವ ಬದಲು ಅದರ ಮೇಲಿನ ಸಂಖ್ಯೆಯನ್ನು ಬಾಯಿಪಾಠ ಮಾಡಿದರು. ಚೀಟಿಗಳು ಉದುರಿದ ಮೇಲೆ ಯಾರಿಗೂ ಏನೂ ಗುರುತು ಸಿಗಲಿಲ್ಲ. ನಮ್ಮದು ವಿಜಯಪುರದ ಕಡೆಯ ಊರು; ಕಾಲಡಿಯಲ್ಲಿ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ದಖನ್ ಲಾವಾದ ಬಸಾಲ್ಟ್ ಇದೆ. ಹೊಸ ಬಾವಿ ತೋಡಿದಲ್ಲೆಲ್ಲ ಕಪ್ಪು ಮಣ್ಣು, ಗರಸು, ಗಟ್ಟಿ ಕಲ್ಲು ದಂಡೆಯ ಮೇಲೆ ರಾಶಿ ಬಿದ್ದಿರುತ್ತವೆ. ಆ ರಾಶಿಯಲ್ಲಿ ಮೊದಲು ತೋಡಿದ್ದು ಅಡಿಗೆ, ಕೊನೆಗೆ ತೋಡಿದ್ದು ಮೇಲಕ್ಕೆ ಬಂದಿರುವುದನ್ನು ಮಕ್ಕಳೇ ಕಂಡುಹಿಡಿಯುವವರೆಗೆ ನಾನು ಮಾತಾಡುವುದಿಲ್ಲ.

ಸುಣ್ಣವಿರುವ ಕಲ್ಲನ್ನು ನೊರೆಯಿಂದ ಗುರುತಿಸುವ ಆಮ್ಲದ ಪರೀಕ್ಷೆ ಆರಂಭದಲ್ಲಿ ಕೈಕೊಟ್ಟಿತು. ಶಹಾಬಾದ್ ಕಲ್ಲು ಸುಣ್ಣಕಲ್ಲೇ ಆದರೂ, ನಯಗೊಳಿಸಿದ ಮೈಗೆ ಲಿಂಬೆರಸ ಬಿಟ್ಟರೆ ಗುಳ್ಳೆಯೇ ಕಾಣಲಿಲ್ಲ. ಮೊಳೆಯಿಂದ ಗೀರಿ ಪುಡಿ ಎಬ್ಬಿಸಿ, ಆ ಪುಡಿಯ ಮೇಲೆ ಪ್ರಯೋಗಶಾಲೆಯ ದುರ್ಬಲಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲವನ್ನು ಒಂದು ಹನಿ ಬಿಟ್ಟ ಮೇಲೆ ನೊರೆ ಉಕ್ಕಿತು. ಕಪ್ಪು ಮಣ್ಣಿನಲ್ಲಿ ಸಿಗುವ ಸುಣ್ಣದ ಹರಳುಗಳು ಇನ್ನೂ ಜೋರಾಗಿ ನೊರೆಯುತ್ತವೆ, ಬಸಾಲ್ಟ್ ಸುಮ್ಮನಿರುತ್ತದೆ. ಎಲ್ಲಕ್ಕಿಂತ ಫಲ ಕೊಟ್ಟದ್ದು ಬಸಾಲ್ಟಿನ ರಂಧ್ರಗಳಲ್ಲಿ ತುಂಬಿದ ಬಿಳಿ ಹರಳುಗಳು: ಕೆಲವು ನೊರೆಯುತ್ತವೆ, ಅವು ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜ, ಕೆಲವು ನೊರೆಯುವುದಿಲ್ಲ, ಅವುಗಳಲ್ಲಿ ಹೆಚ್ಚಿನವು ಜಿಯೋಲೈಟ್ ಎಂಬ ಬೇರೆ ಖನಿಜ. ರಂಧ್ರ ಹೇಗಾಯಿತು ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟಿ, ಲಾವಾದಿಂದ ಹೊರಟ ಅನಿಲದ ಮಾತು ತಾನಾಗಿಯೇ ಬರುತ್ತದೆ.

ಸಾಂದ್ರತೆಗೆ ಸ್ಪ್ರಿಂಗ್ ತಕ್ಕಡಿ ಮತ್ತು ಒಂದು ಬಕೆಟ್ ನೀರು ಸಾಕು. ನೀರನ್ನು 1 ಎಂದು ಹಿಡಿದರೆ ನಮ್ಮ ಗಟ್ಟಿ ಬಸಾಲ್ಟ್ 2.9ರ ಆಸುಪಾಸು, ಪಾಲಿಶ್ ಅಂಗಡಿಯವರು ಎಸೆದಿದ್ದ ಇಳಕಲ್ಲಿನ ಕೆಂಪು ಗ್ರಾನೈಟ್ ಚೂರು 2.6ರಷ್ಟು ಬಂದ ನೆನಪು. ರಂಧ್ರಗಳಿರುವ ಕಲ್ಲನ್ನು ಮಾತ್ರ ಮೊದಲು ನೀರಿನಲ್ಲಿ ನೆನೆಸಿಡಬೇಕೋ ಬೇಡವೋ ಎಂದು ತರಗತಿಯಲ್ಲಿ ವಾದವಾಗಲಿ. ಉತ್ತರಕ್ಕಿಂತ ಆ ವಾದದಲ್ಲೇ ಕಲಿಕೆ ಹೆಚ್ಚು.

ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಶಿಲೆಗಳ ಚಿತ್ರ ನೋಡಿದ ಹುಡುಗಿಯೊಬ್ಬಳು ಕಲ್ಲು ಹಾಗೇಕೆ ಸೀಳುತ್ತದೆಂದು ಕೇಳಿದ್ದರಿಂದ, ಕಾರ್ನ್‌ಫ್ಲೋರ್ ಮತ್ತು ನೀರಿನ ಹಿಟ್ಟನ್ನು ಬಟ್ಟಲಲ್ಲಿ ಬಲ್ಬಿನ ಕೆಳಗೆ ಒಣಗಿಸಿದೆವು. ತೆಳ್ಳಗೆ ಹರಡಿದ್ದು ಮೇಲ್ಮೈಯಲ್ಲಷ್ಟೇ ಬಿರುಕು ಬಿಟ್ಟಿತು. ಒಂದು ಅಂಗುಲಕ್ಕೂ ದಪ್ಪವಾಗಿ ಹಾಕಿ, ಕೆಲವು ದಿನ ತಾಳ್ಮೆಯಿಂದ ಬಿಟ್ಟ ಮೇಲೆ, ಮುರಿದಾಗ ಒಳಗೆ ಸಣ್ಣ ಸಣ್ಣ ಕಂಬಗಳೇ ನಿಂತಿದ್ದವು. ಹಿಟ್ಟು ನೀರು ಆರಿ ಕುಗ್ಗಿದ್ದು, ಲಾವಾ ತಣಿದು ಕುಗ್ಗಿದ್ದು. ಈ ವ್ಯತ್ಯಾಸವನ್ನು ಬಿಡಿಸಿ ಹೇಳಲೇಬೇಕು. ಈ ವಿಷಯದಲ್ಲಿ ನಮ್ಮ ಶಾಲೆಯ ಬಟ್ಟಲನ್ನು ಮೀರಿಸುವ ಮಾದರಿಯನ್ನು ನಾನಿನ್ನೂ ಕಂಡಿಲ್ಲ.

ಒಟ್ಟು ಖರ್ಚು ತಕ್ಕಡಿಗಳೂ ಸೇರಿ ಆರುನೂರು ರೂಪಾಯಿ ದಾಟಿರಲಾರದು. ಚೀಲದಲ್ಲಿ ಬೇಕೆಂದೇ ಸೇರಿಸುವ ಒಂದು ಸುಳ್ಳು ಕಲ್ಲು ಯಾವುದೆಂದು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ನನ್ನ ವಿದ್ಯಾರ್ಥಿಗಳೂ ಇದನ್ನು ಓದುತ್ತಾರೆ. ಪಾಠಭಾಗವೂ ಉಳಿಯಲಿಲ್ಲ, ಪುಸ್ತಕ ಓದಿಸುತ್ತಿದ್ದಾಗ ಬೇಕಾಗುತ್ತಿದ್ದಷ್ಟೇ ಅವಧಿಗಳಲ್ಲಿ ಮುಗಿಯಿತು.